ಬದಲಾವಣೆ ಇಲ್ಲ ಎಂದು ಬರೆದವಳು

ರತ್ನಕ್ಕಾ,

ಮೊದಲ ದಿನ ನೀನು ಬಿಸಿ ಕಪಾಟಿನ ಬಾಗಿಲು ತೆರೆದು ತೋರಿಸಿದ್ದು ನೆನಪಿದೆ. ನಲವತ್ತು ಡಿಗ್ರಿಯಲ್ಲಿ ಸಾಲಾಗಿಟ್ಟ ಫೇಸ್ ಕ್ರೀಮ್ ಡಬ್ಬಿಗಳು. "ಇಲ್ಲಿ ತಿಂಗ್ಳುಗಟ್ಲೆ ಬಿಸಿ ತಡ್ಕಂಡ್ರೇನೇ ಅಂಗ್ಡೀಲಿ ವರ್ಷಗಟ್ಲೆ ಬಾಳೋದು ಕಣಮ್ಮ. ಬಣ್ಣ ನೋಡು, ವಾಸ್ನೆ ನೋಡು. ಕಂಡಿದ್ನೇ ಬರಿ" ಅಂದಿದ್ದೆ. ಶಿರಾದ ಹೊರಗಿನ ಆ ಪುಟ್ಟ ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದವಳು ನೀನೊಬ್ಬಳೇ.

ಆಮೇಲೆ ಬಂತಲ್ಲ, ಆ ಹೊಸ ಕ್ರೀಮ್. ಕಪಾಟಿನಲ್ಲಿ ಎರಡನೇ ತಿಂಗಳಿಗೇ ಎಣ್ಣೆ ಮೇಲೆ ತೇಲಿ, ಹುಳಿ ವಾಸನೆ ಹೊಡೆಯಿತು. ಮಾಲು ಆಗಲೇ ಲಾರಿ ಹತ್ತಲು ಸಿದ್ಧವಿತ್ತು. "ಬದಲಾವಣೆ ಇಲ್ಲ" ಅಂತ ಬರೆಯಿರಿ ಎಂದರು ಮ್ಯಾನೇಜರ್. "ಕೆಟ್ಟೋಗಿರೋದ್ನ ಚೆನ್ನಾಗೈತೆ ಅಂತ ಹೆಂಗ್ ಬರೀಲಿ ಸಾರ್?" ಎಂದೆ ನೀನು. ಅವತ್ತೇ ನಿನ್ನನ್ನು ಮನೆಗೆ ಕಳಿಸಿದರು. ಆ ರಿಪೋರ್ಟಿನ ಹಾಳೆಯನ್ನು ನನ್ನ ಮುಂದಿಟ್ಟರು.

ಸಂಜೆ ನೀನು ಬರಗೂರಿನ ನಿನ್ನ ಬಸ್ಸನ್ನೂ ಬಿಟ್ಟು ಗೇಟಿನ ಹೊರಗೆ ನನಗಾಗಿ ಕಾಯುತ್ತಾ ನಿಂತಿದ್ದೆ.

"ಸೈನ್ ಮಾಡ್ಬುಟ್ಟಾ ನಸ್ರೀನ್?"

"ಇಲ್ಲಕ್ಕ."

ನೀನು ನನ್ನ ತಲೆ ಸವರಿದೆ. ನಾನು ಸೈನ್ ಮಾಡಿದ್ದೆ, ಅಕ್ಕ. ಯಾರೂ ಹೆದರಿಸಿರಲಿಲ್ಲ. ಕೆಲಸ ಬೇಕಿತ್ತು, ಅಷ್ಟೇ.

ಎರಡು ತಿಂಗಳಲ್ಲಿ ಎದೆನೋವು ನಿನ್ನನ್ನು ಒಯ್ದಾಗ ಕೊನೆಯ ಸಲ ಮುಖ ನೋಡಲು ಬಂದೆ. ನಿನ್ನ ಮಗಳು ನನ್ನ ಕೈ ಹಿಡಿದು, "ನಮ್ಮಮ್ಮ ನಿಮ್ನ ಕಂಡ್ರೆ ಬೋ ಹೆಮ್ಮೆ ಪಡೋರು" ಅಂದಳು.

ಹೋದ ತಿಂಗಳು ತೋವಿನಕೆರೆಯ ಅಂಗನವಾಡಿ ಟೀಚರ್ ಒಬ್ಬರು ಅದೇ ಕ್ರೀಮಿನ ಡಬ್ಬಿ ಹಿಡಿದು ಕಾರ್ಖಾನೆಗೆ ಬಂದರು. ಕೆನ್ನೆ ತುಂಬ ಕೀವುಗುಳ್ಳೆ, ಒಂದು ಕಣ್ಣು ಊದಿ ಮುಚ್ಚಿತ್ತು. "ಮಕ್ಳು ನನ್ ಮುಖ ನೋಡಿ ಅಳ್ತವೆ ಸಾರ್. ಇದ್ನ ಟೆಸ್ಟ್ ಮಾಡ್ದೋರು ಯಾರು?"

ಮ್ಯಾನೇಜರ್ ತಡವರಿಸಲೇ ಇಲ್ಲ. "ರತ್ನಮ್ಮ ಅಂತ ಇದ್ರು, ಅವರೇ ನೋಡಿದ್ದು. ತೀರ್ಕಂಡ್ರು."

"ಮಣ್ಣಾದ್ಲಾ? ಒಳ್ಳೇದಾಯ್ತು ಬುಡಿ."

ನಾನು ಪಕ್ಕದಲ್ಲೇ ನಿಂತಿದ್ದೆ, ಅಕ್ಕ. ನನ್ನ ಬಾಯಿ ಯಾಕೆ ತೆರೆಯಲಿಲ್ಲ? ಜೀವಂತ ಇದ್ದಾಗ ನೀನು ಕೆಲಸ ಕಳೆದುಕೊಂಡೆ, ಸತ್ತ ಮೇಲೆ ಹೆಸರನ್ನೂ ಕಳೆದುಕೊಳ್ಳಬೇಕೇ?

ಕಳೆದ ಭಾನುವಾರ ಆ ಟೀಚರಿಗೆ ನಿಜ ಹೇಳಲೆಂದು ಹೊರಟೆ. ಬಸ್ಸು ಬದಲಿಸಲು ಕೊರಟಗೆರೆಯಲ್ಲಿ ಇಳಿದೆ. ತೋವಿನಕೆರೆಯ ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಆಮೇಲೆ ವಾಪಸ್ ಶಿರಾದ ಬಸ್ಸು ಹತ್ತಿಬಿಟ್ಟೆ. ಮುಂದಿನ ಭಾನುವಾರ ಹೋಗುತ್ತೇನೆ ಅಂತ ಬರೆಯಬಹುದು. ನಾನು ಬರೆದದ್ದನ್ನು ಇನ್ನು ಯಾರು ನಂಬಬೇಕು?

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ನಿನ್ನ ಕುರ್ಚಿಯನ್ನು ನನಗೇ ಕೊಟ್ಟಿದ್ದಾರೆ. ಇವತ್ತೂ ಎರಡು ರಿಪೋರ್ಟಿಗೆ "ಬದಲಾವಣೆ ಇಲ್ಲ" ಅಂತ ಸೈನ್ ಮಾಡಿ ಬಂದೆ.

ನಿನ್ನ
ನಸ್ರೀನ್