ಮರಳಿಗೆ ಹಾರುವ ಹುಡುಗಿ

ಸೋಮವಾರ, ಜನವರಿ 8

ಬೆಳಗ್ಗೆ ಎದ್ದು ಮತ್ತದೇ ಮರಳು ಕೆದಕುವ ಕೆಲಸ. ಊರಿನ ಬೆಕ್ಕುಗಳಿಗೆಲ್ಲ ನಮ್ಮ ಗುಂಡಿಯೇ ಬೇಕು. ಸರ್ಕಾರಿ ಹೈಸ್ಕೂಲಿನ ಹೈಜಂಪ್ ಎಂದರೆ ಇಷ್ಟೇ — ಎರಡು ಕೋಲು, ಒಂದು ಹಗ್ಗ, ಈ ಮರಳು. ಆದರೂ ಒಂಬತ್ತನೇ ಕ್ಲಾಸಿನ ಆ ಹುಡುಗಿ, ನಾನು ಮಿಡತೆ ಎಂದು ಕರೆಯುವವಳು, ಹಾರುವುದನ್ನು ನೋಡಬೇಕು! ಕತ್ತರಿಯಂತೆ ಕಾಲೆತ್ತಿ ದಾಟಿ, ನಿಂತೇ ಇಳಿಯುತ್ತಾಳೆ. ಬೆನ್ನ ಮೇಲೆ ಬಿದ್ದರೆ ಸೊಂಟ ಹೋಗುತ್ತದೆ ಎಂದು ಹಾಗೆ ಕಲಿಸಿದವಳು ನಾನೇ.

ನಮ್ಮ ಯಜಮಾನರು ಪಿ.ಟಿ. ಮಾಸ್ಟರಾಗಿರುವ ಖಾಸಗಿ ಶಾಲೆಯಲ್ಲಿ ಮಂಚದೆತ್ತರದ ಫೋಮ್ ಮೆತ್ತೆ. ಇಬ್ಬರದೂ ಒಂದೇ ಓದು, ಒಂದೇ ಕೆಲಸ. ಹೊಟ್ಟೆ ಉರಿಯುತ್ತದೆ.

ಬುಧವಾರ, ರಾತ್ರಿ ಊಟದ ನಂತರ

ಇವರು ಶುರು ಮಾಡಿದರು. "ಶನಿವಾರದ ಮೀಟ್ ನಮ್ಮಲ್ಲೇ. ಮೆತ್ತೆ ಮೇಲೇ ಹಾರ್ಬೇಕು. ನಾಳೆ ಆ ಹುಡುಗೀನ ಕರ್ಕೊಂಡು ಬಾ, ಸ್ವಲ್ಪ ಬೆನ್ನ ಮೇಲೆ ಬಿದ್ದು ಅಭ್ಯಾಸ ಮಾಡ್ಲಿ."

"ನಿಮ್ಮ ಪ್ರಿನ್ಸಿಪಾಲರ ಕಣ್ಣು ಬಿದ್ರೆ? ಸೀಟು ಕೊಡ್ತೀವಿ ಅಂತ ಎಳ್ಕೊಂಡ್ರೆ?"

"ಕೊಟ್ರೆ ಒಳ್ಳೇದೇ ಅಲ್ವೇನೇ?"

ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಗುರುವಾರ

ಕರೆದುಕೊಂಡು ಹೋಗಲಿಲ್ಲ. ಇಷ್ಟು ವರ್ಷಕ್ಕೆ ಸಿಕ್ಕಿದ್ದು ಒಬ್ಬಳು. ಅವಳನ್ನೂ ಕೈಯಾರೆ ಎತ್ತಿ ಕೊಡಲೇ?

ಸೋಮವಾರ, ಜನವರಿ 15

ಬರೆಯಲು ಕೈ ಬರಲಿಲ್ಲ. ಈಗಲೂ...

ಶನಿವಾರ ದಾಟಿದಳು. ಅಷ್ಟೆತ್ತರ ಬೇರೆ ಯಾರೂ ದಾಟಿರಲಿಲ್ಲ. ಮರಳಿಗೆ ಇಳಿಯುವಂತೆಯೇ ನಿಂತು ಇಳಿದಳು. ಮೆತ್ತೆ ಮರಳಲ್ಲ — ಪಾದ ಹೂತುಕೊಂಡಿತು, ಮೈ ಅತ್ತ ತಿರುಗಿತು. ಚೀರಿದಳು. ಓಡಿ ಬಂದು ಎತ್ತಿದವರು ಇವರು. ನಾನು ಗರಬಡಿದವಳ ಹಾಗೆ ನಿಂತಿದ್ದೆ.

ಮೂಳೆ ಮುರಿದಿಲ್ಲ, ಲಿಗಮೆಂಟ್ ಹರಿದಿದೆ. ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬುಧವಾರ, ಸಂಜೆ

ಮಿಡತೆಯ ಮನೆಗೆ ಹೋಗಿದ್ದೆ. ಅವಳಮ್ಮ ಹೊಲಿಗೆ ಮಿಷನ್ನಿನಿಂದ ಎದ್ದು ಬಂದರು. "ಆ ಸ್ಕೂಲಿನವರು ಬಂದಿದ್ರು ಟೀಚರ್. ಸೀಟು ಕೊಟ್ಟು, ಕಾಲಿಗೆ ಫಿಸಿಯೋನೂ ಮಾಡಿಸ್ತಾರಂತೆ. ಇವಳು ಒಪ್ತಾನೇ ಇಲ್ಲ. ನೀವೇ ಒಂದು ಮಾತು ಹೇಳಿ."

ಮಿಡತೆ ಮೂತಿ ಉಬ್ಬಿಸಿದಳು. "ಅವರ ಮೆತ್ತೇನೇ ಸರಿಯಿಲ್ಲ. ನಂಗೆ ನಮ್ಮ ಮರಳೇ ಸಾಕು. ಅಲ್ವಾ ಟೀಚರ್?"

ಖುಷಿಯಾಯಿತು. ಪಟ್ಟಿ ಕಟ್ಟಿದ ಆ ಕಾಲು ಕಣ್ಣೆದುರಿಗಿದ್ದರೂ ಖುಷಿಯಾಯಿತು... ಛೀ. "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಎದ್ದು ಬಂದೆ.

ಗುರುವಾರ, ಬೆಳಗ್ಗೆ

ನಿದ್ದೆಯಿಲ್ಲ. ಮೆತ್ತೆಯಲ್ಲಿ ಏನೂ ತಪ್ಪಿಲ್ಲ, ಅಭ್ಯಾಸಕ್ಕೆ ಕರೆದೊಯ್ಯದ ನನ್ನದೇ ತಪ್ಪು ಎಂದರೆ ಹೋಗಿಬಿಡುತ್ತಾಳೆ. ಸುಮ್ಮನಿದ್ದರೆ ನನ್ನ ಹತ್ತಿರವೇ ಇರುತ್ತಾಳೆ, ಕುಂಟಿಕೊಂಡು. ಒಳಗೂ ಹೊರಗೂ ತಿರುಗಿ ತಿರುಗಿ ಸಾಕಾಯಿತು.

ಇವರು ಸ್ಕೂಟರ್ ಹತ್ತಿ ಕಾಯುತ್ತಿದ್ದಾರೆ. "ಅವಳ ಮನೆ ಕಡೆ ಬಿಡ್ಲಾ?" ಎಂದರು, ಅಷ್ಟೇ. ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಹೇಗೆ ಶುರು ಮಾಡಲಿ? ನೋಡಮ್ಮ, ನೀನು ಅಲ್ಲಿಗೇ ಹೋಗ್ಬೇಕು, ಯಾಕಂದ್ರೆ ನಾನು —