ನಂದಿನಿ ಕೇಳಿದ ಮಾತು

ರೀ, ನಂದಿನಿಯನ್ನು ಕರೆದುಕೊಂಡು ಮುದನಾಳಕ್ಕೆ, ನಮ್ಮಣ್ಣನ ಮನೆಗೆ ಹೋಗುತ್ತಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಪುಂಡಿಪಲ್ಯ ಬಿಸಿ ಮಾಡಿಕೊಳ್ಳಿ. ಆಡಿನ ಮರಿಗಳಿಗೆ ನೀರಿಡಿ.

“ದೇವ್ರು ಇದ್ದಿದ್ರ ತಮ್ಮ ಯಾಕ ಸತ್ತ, ಅಪ್ಪಾ?” ಎಂದು ಕೇಳಿದ ಕೂಸಿನ ಕಪಾಳಕ್ಕೆ ಹೊಡೆದಿರಲ್ಲ, ಆ ಕಡೆಯ ಕಿವಿ ಇವತ್ತೂ ನೋಯುತ್ತಿದೆಯಂತೆ. ಅಣ್ಣ ದವಾಖಾನೆಗೆ ತೋರಿಸುತ್ತಾನೆ.

ನಿಮ್ಮ ಸಿಟ್ಟು ಎಲ್ಲಿಂದ ಬಂತೆಂದು ನನಗೆ ಗೊತ್ತು. ಮಗನಿಗೆ ಜ್ವರ ಏರಿದಾಗ “ದವಾಖಾನಿ ಬ್ಯಾಡ, ಹರಕಿ ಹೊತ್ತೇನಿ, ದೇವ್ರು ಕಾಯ್ತಾನ” ಅಂದವರು ನೀವು. ಈಗ ದೇವರೇ ಇಲ್ಲವೆಂದರೆ ಆ ಸಾವು ನಿಮ್ಮ ತಲೆಯ ಮೇಲೆ ಬರುತ್ತದೆ. ಅದನ್ನು ಹೊರುವ ಶಕ್ತಿ ನಿಮಗಿಲ್ಲ. ಆದರೆ ಇವಳನ್ನು ಹೊಡೆದರೆ ಅವನು ಬರುತ್ತಾನೇನು?

ಇವತ್ತು ದೀಪ ಹಚ್ಚಲು ನನಗೆ ಕೈ ಏಳಲಿಲ್ಲ. ಎಣ್ಣೆ ದೇವರ ಜಗಲಿಯ ಮೇಲಿದೆ, ಹಚ್ಚುವುದಾದರೆ ನೀವೇ ಹಚ್ಚಿ.