ಅಳಿಸಿಹೋದ ಮೂರು ಹೆಸರು

ಅಲ್ ಬರ್ಷಾ, ದುಬೈ
12-10-2008, ಭಾನುವಾರ

ಪ್ರೀತಿಯ ಸ್ವರ್ಣಕ್ಕನಿಗೆ,

ನನ್ನ ಕೋಳಿಕಾಲಿನ ಅಕ್ಷರ ನೋಡಿ ಬೇಸರ ಮಾಡಬೇಡ. ಐದನೇ ಕ್ಲಾಸಿನ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ತಪ್ಪಿದ್ದಲ್ಲಿ ನೀನೇ ತಿದ್ದಿ ಓದು. ತಿಂಗಳಿಂದ ಬರೆಯದಿದ್ದದ್ದಕ್ಕೂ ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಭಾವ ಇರುತ್ತಾರೆ.

ಭಾವ ಬುಧವಾರ ಊರಿಗೆ ಬರುತ್ತಾರೆ. ಕೆಲಸ ಮುಗಿಯಿತು ಎಂದು ನಿನಗೆ ಹೇಳಿರಬಹುದು. ಅದು ಸುಳ್ಳು. ನಮ್ಮಿಬ್ಬರಿಗೂ ಕೆಲಸ ಕೊಟ್ಟ ಮೇಡಂ ಭಾವನ ಡ್ರೈವರ್ ವೀಸಾ ಕ್ಯಾನ್ಸಲ್ ಮಾಡಿಸುತ್ತಿದ್ದಾರೆ. ತಪ್ಪು ನನ್ನದು.

ಮೇಡಂನ ಅಪ್ಪ ಹಾರ್ಟ್‌ವಿಗ್ ಅಜ್ಜ ಜರ್ಮನಿಯಿಂದ ಬಂದಿದ್ದಾರೆ ಎಂದಿದ್ದೆನಲ್ಲ. ಅವರು ತಮ್ಮ ಹಳ್ಳಿಯ ಸ್ಟೇಷನ್ ಮಾಸ್ಟರ್ ಆಗಿದ್ದವರು. ಅಲ್ಲಿ ಒಂದೇ ಹಳಿಯ ಸಣ್ಣ ದಾರಿ. ಹಾಲು, ಮರ, ಶಾಲೆಯ ಮಕ್ಕಳು, ಎಲ್ಲ ಅದರಲ್ಲೇ. ಎದುರಿನಿಂದ ಇನ್ನೊಂದು ರೈಲು ಬಂದು ಗುದ್ದಬಾರದೆಂದು ಒಂದು ಹಿತ್ತಾಳೆಯ ಕೋಲು ಇತ್ತಂತೆ. ಅದು ಕೈಯಲ್ಲಿದ್ದ ಡ್ರೈವರ್ ಮಾತ್ರ ರೈಲು ಬಿಡಬಹುದು. ಬಸ್ಸು ಬಂದು ಜನ ಕಡಿಮೆಯಾಗಿ, ಮೂವತ್ತಾರು ವರ್ಷದ ಹಿಂದೆ ರೈಲು ನಿಂತಿತು. ಕೊನೆಯ ದಿನ ಡ್ರೈವರ್, ಗಾರ್ಡ್, ಟಿಕೆಟ್ ಕೊಡುವವಳು, ಮೂವರೂ ಆ ಕೋಲಿನ ಮೇಲೆ ಕಪ್ಪು ಬಣ್ಣದಲ್ಲಿ ಹೆಸರು ಬರೆದು ಅಜ್ಜನಿಗೆ ಕೊಟ್ಟರು. ಮೂವರೂ ಈಗ ಇಲ್ಲ. ಹಳ್ಳಿಯವರೇ ಎಂಟು ವರ್ಷ ಶನಿವಾರ ಶನಿವಾರ ಮುಳ್ಳು ಕಡಿದು, ಹಳಿಯ ಕೆಳಗಿನ ದಿಮ್ಮಿ ಬದಲಿಸಿ, ಬರುವ ಭಾನುವಾರ ಮತ್ತೆ ರೈಲು ಬಿಡುತ್ತಾರೆ. ಅಜ್ಜ ಗುರುವಾರ ಹೊರಡುತ್ತಾರೆ. ಆ ಹೆಸರುಗಳನ್ನು ಎಲ್ಲರಿಗೂ ತೋರಿಸಿ ಕೋಲನ್ನು ಹೊಸ ಡ್ರೈವರನ ಕೈಗೆ ಕೊಡಬೇಕಿತ್ತು. ಇದೆಲ್ಲ ಭಾವ ನನಗೆ ಆಮೇಲೆ ಹೇಳಿದ್ದು.

ಆಯುಧಪೂಜೆಯ ದಿನ ಭಾವ ಮೇಡಂನ ಕಾರು ತೊಳೆದು ಹೂ ಹಾಕಿದರು. ನಾನು ಅಜ್ಜನ ಕೋಣೆ ಗುಡಿಸುವಾಗ ಮೇಜಿನ ಮೇಲೆ ಕೋಲು ಕಂಡಿತು. ಅವರು ದುಡಿದ ಸಾಮಾನು ಇರಬೇಕು, ಇವತ್ತಾದರೂ ಕೊಳೆಯಾಗಿ ಇರಬಾರದು ಎಂದುಕೊಂಡು ಹುಣಸೆಹುಳಿ, ಉಪ್ಪು ಹಾಕಿ ನಾರಿನಿಂದ ತಿಕ್ಕಿದೆ. ಕಪ್ಪೆಲ್ಲ ಹೋಗಿ ಬಂಗಾರದ ಹಾಗೆ ಹೊಳೆಯಿತು. ಕುಂಕುಮವನ್ನೂ ಇಟ್ಟೆ.

ಅಜ್ಜ ಕೋಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಲೇ ಇದ್ದರು. ಕೂಗಾಡಿದ್ದು ಮೇಡಂ. ಭಾವ ಮುಂದೆ ಬಂದು "ಮೈ ಮಿಸ್ಟೇಕ್, ಮೇಡಂ" ಎಂದರು.

"ಖಲಾಸ್, ಕೃಷ್ಣ. ಗೋ ಹೋಮ್" ಎಂದರು ಮೇಡಂ.

ಲಿಫ್ಟಿನ ಹತ್ತಿರ ನಾನು ಅತ್ತೆ. "ಭಾವ, ನಾನು ಹೇಳಿಬಿಡ್ತೇನೆ."

"ಸುಮ್ನಿರು ಮಾರಾಯ್ತಿ. ನಿನ್ನ ವೀಸಾ ಆಗಿ ಮೂರು ತಿಂಗಳೂ ಆಗ್ಲಿಲ್ಲ. ನಂದು ಹನ್ನೊಂದು ವರ್ಷ ಆಯ್ತು. ನಿನ್ನ ಅಕ್ಕನಿಗೆ ನನ್ನ ಮುಖವೇ ಮರ್ತಿರ್ಬಹುದು, ಒಮ್ಮೆ ಹೋಗಿ ತೋರಿಸ್ತೇನೆ" ಎಂದು ನಕ್ಕರು.

ಅವರು ಬಂದಾಗ ಏನೂ ಕೇಳಬೇಡ ಅಕ್ಕ. ಅಮ್ಮನಿಗೆ ನನ್ನ ನಮಸ್ಕಾರ, ಅಕ್ಷಿತಾಗೆ ಮುತ್ತು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ವಾರಿಜಾಕ್ಷಿ

ಇನ್ನೊಂದು ಮಾತು: ಭಾವ ತಾವಾಗಿ ಮುಂದೆ ಬಂದರು ಎನ್ನುವ ಹಾಗೆ ಮೇಲೆ ಬರೆದೆ. ಅದು ಹಾಗಲ್ಲ. ಯಾರು ಮಾಡಿದ್ದು ಎಂದು ಮೇಡಂ ಮೊದಲು ಕೇಳಿದ್ದು ನನ್ನನ್ನು. ನಾನು ಬೆರಳೆತ್ತಿ ಭಾವನನ್ನು ತೋರಿಸಿದೆ. ಅದನ್ನು ನೋಡಿದ ಮೇಲೆಯೇ ಅವರು ಒಪ್ಪಿಕೊಂಡದ್ದು. ಆ ಬಗ್ಗೆ ಈವರೆಗೆ ಒಂದು ಮಾತೂ ಆಡಿಲ್ಲ.

ಇವತ್ತು ಬೆಳಿಗ್ಗೆ ಮೇಡಂ ಆಫೀಸಿಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು, "ಕೃಷ್ಣ ನೋ, ಮೇಡಂ. ಮೀ" ಎಂದೆ. ಅವರು ನನ್ನನ್ನೇ ನೋಡಿ, "ಈವ್ನಿಂಗ್" ಎಂದಷ್ಟೇ ಹೇಳಿ ಹೋದರು. ನಾನು ಒಳಗೆ ಬಂದು ಬಟ್ಟೆ ಮಡಚಿ ನನ್ನ ಪೆಟ್ಟಿಗೆ ತುಂಬಿದೆ.